ಭೀಮಾಜಿಪಂತರ ತಂಪು ಖೋಲಿ

ನಮ್ಮ ತಾಲೂಕು ಕಚೇರಿಯ ರೆಕಾರ್ಡ್ ಖೋಲಿಗೆ ಸರಕಾರ ಒಂದೇ ಬೀಗ ಕೊಟ್ಟಿತ್ತು. ಖೋಲಿ ಕಾಯುತ್ತಿದ್ದ ಭೀಮಾಜಿಪಂತರು ತಮ್ಮ ಮನೆಯಿಂದ ಇನ್ನೊಂದು ತಂದು ಹಾಕಿದ್ದರು. ಸಾಹೇಬರೇ ಬಂದರೂ "ಚಪ್ಪಲಿ ಹೊರಗ ಬಿಡ್ರಿ, ಧೂಳ ಬರ್ತೈತಿ" ಎಂದು ಬಾಗಿಲಲ್ಲೇ ತಡೆಯುವವರು. ಕೆಂಪು ಅರಿವೆಯಲ್ಲಿ ಕಟ್ಟಿದ ಕಾಗದಪತ್ರಗಳ ದಫ್ತರಗಳನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತುತ್ತಿದ್ದರು, ಸಂದಿಗೆಲ್ಲ ಬೇವಿನೆಲೆ ತುರುಕುತ್ತಿದ್ದರು. ಅವರು ಹಾಕಿದ ಗಂಟು ಅವರಿಗೇ ಬಿಚ್ಚಲು ಬರುವುದಿಲ್ಲವೆಂದು ಚಹಾದ ಹೊತ್ತಿಗೆ ನಾವು ನಗುತ್ತಿದ್ದೆವು. ನಮ್ಮ ಸೀಮೆಯ ಬಿಸಿಲಿಗೆ ಹಳೆಯ ಕಾಗದ ಹಪ್ಪಳದಂತೆ ಮುರಿಯುತ್ತದೆಂದು ದಿನಾ ಮಧ್ಯಾಹ್ನ ಮಣ್ಣಿನ ನೆಲಕ್ಕೆ ನೀರು ಚಿಮುಕಿಸಿ ಖೋಲಿಯನ್ನು ತಂಪಾಗಿಡುತ್ತಿದ್ದರು. ಎಪ್ಪತ್ನಾಲ್ಕರಲ್ಲಿ ಉಳುವವನಿಗೆ ಭೂಮಿ ಕೊಡುವ ಕಾಯ್ದೆ ಬಂತು, ಹಳೆಯ ಪಹಣಿಯ ನಕಲು ಬೇಡುವವರಿಂದ ಅಂಗಳ ತುಂಬಿತು. ಗಂಡ ಉಳುತ್ತಿದ್ದ ಹೊಲಕ್ಕೆ ಪುರಾವೆ ಬೇಕೆಂದು ಡೋಣಿ ಹೊಳೆಯ ದಂಡೆಯ ಹೊನ್ನವ್ವ ಪ್ರತಿ ಸೋಮವಾರ ಬರುತ್ತಿದ್ದಳು. ಪಂತರ ಉತ್ತರ ಒಂದೇ: "ಹುಡಕಾಕತ್ತೇನಿ ಯವ್ವಾ, ಮುಂದಿನ ವಾರ ಬಾ." ಗಂಟು ಬಿಚ್ಚಲು ಬರುತ್ತಿಲ್ಲವೆಂದು ನಾವು ಮತ್ತೆ ನಕ್ಕೆವು. ಒಂದು ಸೋಮವಾರ ಬಾಗಿಲು ತೆರೆದಿತ್ತು, ಒಳಗೆ ಹೋದೆ. ಪಂತರ ತೊಡೆಯ ಮೇಲೆ ದಫ್ತರ ಬಿಚ್ಚಿಕೊಂಡಿತ್ತು; ಅರಿವೆಯೊಳಗೆ ಕಾಗದವಿರಲಿಲ್ಲ, ಬರೀ ಗೆದ್ದಲ ಮಣ್ಣಿತ್ತು. "ಎಲ್ಲಾ ಹಿಂಗ ಆಗ್ಯಾವ್ರಿ. ಆ ತಂಪಿಗೇ ಗೆದ್ದಲ ಹತ್ತೇತಿ. ನಾನ ದಿನಾ ನೀರ ಹಾಕಿ ಸಾಕೇನಿ" ಎಂದರು. ಹೊರಗಿನಿಂದ ಹೊನ್ನವ್ವ ಕೂಗಿದಳು: "ಯಪ್ಪಾ, ನಾಳಿಗೆ ನನ್ನ ಕೇಸ್ ಐತ್ರಿ. ಸಿಕ್ತೇನ್ರಿ?" ಪಂತರು ಆ ಮಣ್ಣಿನ ಮೇಲೆ ಹಸಿ ಬೇವಿನೆಲೆ ಹರವಿ, ಅರಿವೆ ಮಡಚಿ, ಗಂಟನ್ನು ಹಲ್ಲು ಕಚ್ಚಿ ಬಿಗಿದು, "ಹುಡಕಾಕತ್ತೇನಿ ಯವ್ವಾ" ಎಂದರು.