ಹೊಸ ಯಂತ್ರಕ್ಕೆ ಹಳೆಯ ಬಿರುಗಾಳಿ

ನಮ್ಮ ಹವಾಮಾನ ಕಚೇರಿಗೆ ಯಾವ ಹೊಸ ಕಂಪ್ಯೂಟರ್ ಬಂದರೂ ಮೊದಲು ಸ್ಟಾಪ್‌ವಾಚ್ ಸಾಹೇಬರ ಪರೀಕ್ಷೆಗೆ ಕೂರಬೇಕು. ದೊಡ್ಡ ದೊಡ್ಡ ಲೆಕ್ಕಗಳನ್ನು ಪ್ರೊಸೆಸರ್ ಎಷ್ಟು ಬೇಗ ಮಾಡುತ್ತದೆಂದು ಅಳೆಯುವುದೇ ಅವರ ಕೆಲಸ. ಯಂತ್ರ ತಾನೇ ಸಮಯ ತೋರಿಸಿದರೆ ಅವರಿಗೆ ನಂಬಿಕೆಯಿಲ್ಲ. "ಪರೀಕ್ಷೆ ಬರೆದೋನೇ ಮಾರ್ಕ್ಸ್ ಹಾಕ್ಕೊಂಡ್ರೆ ಆಗುತ್ತೇನ್ರೀ?" ಎಂದು ಗೊಣಗುತ್ತಾ ಕೊರಳಲ್ಲಿ ನೇತಾಡುವ ಸ್ಟಾಪ್‌ವಾಚ್ ಒತ್ತುತ್ತಾರೆ. ಮಾರುವವರು ತರುವ ಮಾದರಿ ಲೆಕ್ಕಗಳನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಎಲ್ಲ ಯಂತ್ರಕ್ಕೂ ತಮ್ಮದೇ ಒಂದು ಹಳೆಯ ಬಿರುಗಾಳಿಯ ಲೆಕ್ಕ ಕೊಡುತ್ತಾರೆ. ಅದು ಓಡುವಷ್ಟು ಹೊತ್ತು ಕೋಣೆಯಲ್ಲಿ ಯಾರೂ ಕೆಮ್ಮುವಂತಿಲ್ಲ. ಕೆಮ್ಮಿದರೆ ಪ್ರೊಸೆಸರ್‌ಗೇ ನೆಗಡಿ ಹತ್ತುತ್ತದೇನೋ ಎಂಬಂತೆ ದುರುಗುಟ್ಟುತ್ತಾರೆ. ಮುಗಿದ ಮೇಲೆ ತೀರ್ಪು ಒಂದೇ: "ಲೇಟಾಯ್ತು." ಲಿಫ್ಟ್ ಬಂದಾಗಲೂ ಅದೇ ಮಾತು, ಕಾಫಿ ಬಂದಾಗಲೂ ಅದೇ, ಮಗಳ ಮದುವೆ ಗೊತ್ತಾದಾಗಲೂ ಅದೇ. ಮೊನ್ನೆ ಬಂದ ಯಂತ್ರವಂತೂ ಅವರ ಕಾಫಿ ಆರುವುದರೊಳಗೆ ಉತ್ತರ ಕೊಟ್ಟಿತು. "ಇದಕ್ಕಿಂತ ಬೇಗ ಇನ್ನೇನು ಬೇಕು ಸಾರ್?" ಎಂದು ಮಾರಲು ಬಂದವನು ಬೀಗಿದ. ನಾವೆಲ್ಲ ನೆಲ ನೋಡಿದೆವು. ಆ ಬಿರುಗಾಳಿ ನಿಜವಾಗಿ ಬೀಸಿದ್ದೆಂಬುದು ಪಾಪ ಅವನಿಗೇನು ಗೊತ್ತು? ಅದು ಎತ್ತ ತಿರುಗುತ್ತದೆಂದು ಅಂದು ಲೆಕ್ಕಕ್ಕೆ ಕೂತವರು ಸಾಹೇಬರೇ. ಅಂದಿನ ಯಂತ್ರ ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ಆದರೆ ಅಷ್ಟರಲ್ಲಿ ಮೀನಿಗೆ ಹೋಗಿದ್ದ ಅವರ ಅಣ್ಣನ ದೋಣಿ ಮುಳುಗಿಹೋಗಿತ್ತು. ಸಾಹೇಬರು ಕೈಯಲ್ಲಿದ್ದ ಸ್ಟಾಪ್‌ವಾಚ್ ನೋಡಿದರು, ಪರದೆಯ ಮೇಲೆ ದಡ ಮುಟ್ಟಿ ನಿಂತ ಗಾಳಿಯನ್ನು ನೋಡಿದರು. "ಚೆನ್ನಾಗಿದೆಯಪ್ಪಾ ಮೆಷಿನ್ನು, ತಗೊಳ್ಳೋಣ," ಎಂದರು ಮೆಲ್ಲಗೆ. "ಆದ್ರೆ ಲೇಟಾಯ್ತು."