ಗೊಂಬೊಸುರೆನನ ಒಲೆಯ ಬಾಗಿಲು

ಉಲಾನ್‌ಬಾತರಿನ ಸಂತೆಯಲ್ಲಿ ಒಲೆ ಮಾರುವವರು ಹನ್ನೊಂದು ಮಂದಿ. ಸುಳ್ಳು ಹೇಳದೆ ಮಾರುವವನು ಗೊಂಬೊಸುರೆನ್ ಒಬ್ಬನೇ. ಇದನ್ನು ಅವನ ಸದ್ಗುಣವೆಂದು ಯಾರೂ ತಿಳಿಯಬೇಕಿಲ್ಲ. ಅವನ ನಿಜವೇ ಉಳಿದವರ ಸುಳ್ಳಿಗಿಂತ ದೊಡ್ಡದಾಗಿತ್ತು, ಅಷ್ಟೆ.

"ಅವರ ಒಲೆ ಮೂರು ಚೀಲ ಕಲ್ಲಿದ್ದಲು ತಿಂದು ಆಕಾಶ ಕಾಯ್ಸುತ್ತೆ. ನನ್ನದು ಎರಡು ಚೀಲ ತಿಂದು ನಿನ್ನ ಬೆನ್ನು ಕಾಯ್ಸುತ್ತೆ. ಆಕಾಶಕ್ಕೆ ಚಳಿಯಾಗ್ತಿದೆ ಅಂತ ನಿನಗೆ ಕನಿಕರ ಇದ್ರೆ ಅವರ ಹತ್ರಾನೇ ಹೋಗಪ್ಪ," ಎನ್ನುತ್ತಿದ್ದ.

ಅವನ ವಿದ್ಯೆಯಲ್ಲಿ ಗುಟ್ಟೇನೂ ಇರಲಿಲ್ಲ. ಒಲೆಯ ಹೊಟ್ಟೆಯೊಳಗೆ ಇಟ್ಟಿಗೆ ಕಟ್ಟುತ್ತಿದ್ದ. ಹೊರಟು ನಿಂತ ನೆಂಟನನ್ನು ಇನ್ನೊಂದು ಬಟ್ಟಲು ಚಹಾ ಕುಡಿಸಿ ತಡೆಯುವ ಹಾಗೆ, ಹೊಗೆಯನ್ನು ಅಡ್ಡತಗಡಿನಿಂದ ತಡೆದು, ಎರಡು ಸುತ್ತು ಹಾಕಿಸಿ ಆಮೇಲೆ ಕೊಳವೆಗೆ ಬಿಡುತ್ತಿದ್ದ. ಇದ್ದಲನ್ನು ಮುಷ್ಟಿಗಾತ್ರಕ್ಕೆ ಒಡೆದು ಕೆಳಗೆ ತುಂಬಬೇಕು, ಪುಳ್ಳೆಯನ್ನು ಮೇಲಿಟ್ಟು ನೆತ್ತಿಯಿಂದ ಹೊತ್ತಿಸಬೇಕು. ಬೆಂಕಿ ಮೇಲಿನಿಂದ ನಿಧಾನವಾಗಿ ಇಳಿಯುತ್ತ ತನ್ನ ಹೊಗೆಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಶಾಖ ಸೋರುವುದು ಬಾಗಿಲಿನಿಂದ. ಅದಕ್ಕಾಗಿ ಬಾಗಿಲನ್ನು ಅಂಗೈಯಗಲಕ್ಕೆ ಇಳಿಸಿದ್ದ. ಮೇಲಿನ ಮುಚ್ಚಳಕ್ಕಂತೂ ಬೆಸುಗೆಯನ್ನೇ ಹಾಕಿಬಿಟ್ಟಿದ್ದ. ಹೊತ್ತಿಸಿದ ಮೇಲೆ ಎಂಟು ಗಂಟೆ ತೆರೆಯುವಂತಿಲ್ಲ.

ಈ ಒಲೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಗುಡ್ಡದ ಮೇಲಿನ ಅವನ ಸ್ವಂತ ಗೆರ್‌ನಲ್ಲಿತ್ತು, ಅಂದರೆ ಉಣ್ಣೆಹಾಸು ಹೊದಿಸಿದ ದುಂಡು ಗುಡಾರಮನೆಯಲ್ಲಿ. ಗಿರಾಕಿಗಳನ್ನು ಅಲ್ಲಿಗೇ ಕರೆದೊಯ್ದು, ಉಣ್ಣೆಗೋಡೆಗೆ ತೂಗುಹಾಕಿದ ಥರ್ಮಾಮೀಟರನ್ನು ಸ್ವಂತ ಮಗನ ಹಾಗೆ ತೋರಿಸುತ್ತಿದ್ದ. ಆ ಥರ್ಮಾಮೀಟರಿನ ಶತ್ರು ಒಬ್ಬಳೇ, ಅವನ ಹೆಂಡತಿ ಸೆವ್ಜಿದ್. ಊಟದ ಮೊದಲ ತುತ್ತು ಬೆಂಕಿಗೆ ಎಂದು ಕಲಿತು ಬಂದವಳು. ಎಂಟು ಗಂಟೆಯಲ್ಲಿ ನಾಲ್ಕು ಸಲ ಬಾಗಿಲು ತೆಗೆಯುತ್ತಿದ್ದಳು.

"ಹೋಯ್ತು ಎರಡು ಡಿಗ್ರಿ, ಮುದುಕೀ!"

"ಹೋಗ್ಲಿ. ಬೇಯಿಸಿ ಕೊಟ್ಟವನಿಗೆ ಹಾಕದೆ ತಿನ್ನೋಕೆ ನನಗೇನು ನಿನ್ನಷ್ಟು ದಪ್ಪ ಚರ್ಮವಾ, ಮುದುಕಾ?"

ತುತ್ತೇನೋ ಆ ಬಾಗಿಲಲ್ಲಿ ತೂರುತ್ತಿತ್ತು. ತೂರದೆ ಉಳಿದದ್ದು ಕುರಿಯ ಎದೆಯೆಲುಬು.

ಚಾಂದ್ರಮಾನ ವರ್ಷದ ಕೊನೆಯ ತಿಂಗಳ ಇಪ್ಪತ್ತಮೂರನೆಯ ದಿನ ಪ್ರತಿ ಮನೆಯೊಡತಿಯೂ ತನ್ನ ಬೆಂಕಿಗೆ ಎದೆಯೆಲುಬನ್ನು ಕೊಬ್ಬಿನಲ್ಲಿ ಸುತ್ತಿ, ಬಣ್ಣದ ದಾರ ಕಟ್ಟಿ, ಇಡಿಯಾಗಿ ಒಪ್ಪಿಸುತ್ತಾಳೆ. ಹೊಸ ಒಲೆಯ ಮೊದಲ ಚಳಿಗಾಲದಲ್ಲಿ ಸೆವ್ಜಿದ್ ಅದನ್ನು ಉದ್ದಕ್ಕೆ ಹಿಡಿದು ನೋಡಿದಳು, ಅಡ್ಡಕ್ಕೆ ಹಿಡಿದು ನೋಡಿದಳು.

"ಒಡೆದು ಹಾಕೇ," ಎಂದು ಗೊಂಬೊಸುರೆನ್ ನಕ್ಕ.

ಅವಳು ನಗಲಿಲ್ಲ. ಎಲುಬನ್ನು ಮಡಿಲಲ್ಲಿಟ್ಟುಕೊಂಡು ಗುಡ್ಡದ ಆಚೆ ಬದಿಯ ಅಕ್ಕನ ಮನೆಗೆ ನಡೆದುಹೋದಳು. ಕತ್ತಲಾಗುವಾಗ ಹಿಂದಿರುಗಿದಳು, ಹುಬ್ಬಿನ ಮೇಲೆ ಹಿಮ ಕಟ್ಟಿತ್ತು.

"ಮೂವತ್ತು ವರ್ಷ ನನ್ನ ಬೆಂಕಿ ಸಾಕಿದ್ದೀನಿ. ಇವತ್ತು ಎರವಲು ಬೆಂಕಿಗೆ ಕೈಮುಗಿದು ಬಂದೆ."

"ಬರೋ ವರ್ಷ ಬಾಗಿಲು ದೊಡ್ಡದು ಮಾಡ್ತೀನಿ ಬಿಡು."

ಮಾಡಲಿಲ್ಲ. ದೊಡ್ಡ ಬಾಗಿಲೆಂದರೆ ಮೂರು ಡಿಗ್ರಿ ನಷ್ಟ, ಗಿರಾಕಿಗಳು ನೋಡಲು ಬರುವುದು ಇದೇ ಒಲೆಯನ್ನು. ಮರುವರ್ಷವೂ ಸೆವ್ಜಿದ್ ಗುಡ್ಡ ದಾಟಿದಳು. ಗೊಂಬೊಸುರೆನ್ ಗಿರಾಕಿಗೆ ಸುಳ್ಳು ಹೇಳುವವನಲ್ಲ. ಹೇಳಿದ ಒಂದೇ ಸುಳ್ಳನ್ನು ಮನೆಯಲ್ಲೇ ಖರ್ಚು ಮಾಡಿದ.

ಮೂರನೆಯ ಚಳಿಗಾಲಕ್ಕೆ ಅವಳ ಶ್ವಾಸಕೋಶ ಕೆಟ್ಟಿತು. ಆಸ್ಪತ್ರೆಯಲ್ಲಿ ಎರಡು ವಾರ ಇಟ್ಟುಕೊಂಡು, ಮನೆಗೆ ಕರೆದುಕೊಂಡು ಹೋಗಿ, ಬೆಚ್ಚಗಿಡಿ ಎಂದರು. ವೈದ್ಯರು ಅಷ್ಟು ಮಾತ್ರ ಹೇಳಿ ಸುಮ್ಮನಾದರೆ ಅದರರ್ಥ ಏನೆಂದು ಅವನಿಗೂ ತಿಳಿದಿತ್ತು. ಆದರೆ ಬೆಚ್ಚಗಿಡುವುದು ಅವನ ಕಸುಬಲ್ಲವೇ, ಆ ಒಂದು ಮಾತನ್ನೇ ಹಿಡಿದುಕೊಂಡ. ಗೋಡೆಗೆ ಇನ್ನೊಂದು ಪದರ ಉಣ್ಣೆಹಾಸು ಬಿಗಿದ. ಒಲೆಯ ಸುತ್ತ ಇಟ್ಟಿಗೆ ಜೋಡಿಸಿದ. ಕೊಳವೆಯ ನಡುವೆ ತಗಡಿನ ಡ್ರಮ್ಮೊಂದನ್ನು ಕೂರಿಸಿ, ಹೋಗುವ ಹೊಗೆಯಿಂದಲೂ ಶಾಖ ಹಿಂಡಿದ. ಹೊರಗೆ ಸೊನ್ನೆಯ ಕೆಳಗೆ ಮೂವತ್ನಾಲ್ಕು, ಒಳಗೆ ಇಪ್ಪತ್ತಾರು. ಸಂತೆಯ ಹತ್ತು ಒಲೆಗಾರರು ಸೇರಿದರೂ ಆಗದ ಕೆಲಸ. ಸೆವ್ಜಿದ್ ಮಾತ್ರ ನಡುಗುತ್ತಲೇ ಇದ್ದಳು.

ಇಪ್ಪತ್ತಮೂರರ ಬೆಳಗ್ಗೆ ಪಕ್ಕದ ಗೆರ್‌ನ ದುಲ್ಮಾ ಎಲುಬು ತಂದುಕೊಟ್ಟಳು. ದುಲ್ಮಾ ಸಂತೆಯಲ್ಲಿ ಉಣ್ಣೆಹಾಸು ಮಾರುವವಳು. ಹಳೆಯದನ್ನು ಹೊಸದೆಂದು ಮಾರುವಾಗ ಕಣ್ಣು ಸಹ ಮಿಟುಕಿಸುವವಳಲ್ಲ.

"ನಿನ್ನ ಅಕ್ಕನ ಮನೆಗೆ ನಾನೇ ಒಯ್ದು ಹಾಕ್ತೀನಿ ಕಣೇ ಸೆವ್ಜಿದ್."

"ಬೇಡ. ಈ ಸಲ ನನ್ನ ಬೆಂಕಿಗೇ." ಸೆವ್ಜಿದ್ ಗಂಡನ ಕಡೆ ತಿರುಗಿದಳು. "ಬಾಗಿಲು ಕೊಯ್ಯೋ, ಮುದುಕಾ."

"ಕೊಯ್ಬೇಕಾದ್ರೆ ಒಲೆ ಆರ್ಬೇಕು. ಅರ್ಧ ದಿನ ಮನೆ ಮಂಜುಗಡ್ಡೆ ಆಗುತ್ತೆ. ಚಳಿ ಮುರೀಲಿ, ಮುಂದಿನ ವಾರ ಖಂಡಿತ..."

"ಗಿರಾಕಿಗೆ ಹೇಳೋ ಮಾತು ನನಗೆ ಹೇಳ್ಬೇಡ."

"ಗಿರಾಕಿಗೆ ನಾನು ಹಾಗೆ ಹೇಳಲ್ಲ."

"ಗೊತ್ತು. ನನಗೇ ಹೇಳ್ತಿದ್ದೀಯ, ಎರಡು ವರ್ಷದಿಂದ."

ಅವನು ಗರಗಸ ತಂದಿಟ್ಟು, ಒಲೆಗೆ ಇದ್ದಲು ಹಾಕುವುದನ್ನು ನಿಲ್ಲಿಸಿದ. ಉರಿಯುವ ಒಲೆಗೆ ಹರಿತವಾದದ್ದನ್ನು ತಾಗಿಸುವಂತಿಲ್ಲ, ನೀರೆರೆದು ಆರಿಸುವ ಮಾತಂತೂ ಇಲ್ಲ, ಎರಡೂ ಬೆಂಕಿಗೆ ಅಪಚಾರ. ಬೆಂಕಿ ತಾನಾಗಿಯೇ ನಂದಬೇಕು. ತನ್ನ ಮನೆಯಲ್ಲಿ ಮಲಗಿಕೋ ಎಂದು ದುಲ್ಮಾ ಕರೆದಳು. ಸೆವ್ಜಿದ್ ಕದಲಲಿಲ್ಲ. ಅವಳಿಗೆ ಎರಡು ಕುರಿಚರ್ಮದ ನಿಲುವಂಗಿ ಹೊದಿಸಿ, ದುಲ್ಮಾ ಬೆನ್ನಿಗೆ ಬೆನ್ನು ಕೊಟ್ಟು ಕೂತಳು.

ತಾನು ಕಟ್ಟಿದ ಒಲೆ ಎಷ್ಟು ಒಳ್ಳೆಯದೆಂದು ಗೊಂಬೊಸುರೆನನಿಗೆ ಅಂದು ತಿಳಿಯಿತು: ಹಾಳಾದ್ದು ಆರಲೇ ಒಲ್ಲದು. ಇಟ್ಟಿಗೆಗಳು ಹಿಡಿದಿಟ್ಟ ಶಾಖವನ್ನು ಬಿಡಲು ಮಧ್ಯಾಹ್ನವಾಯಿತು. ಆಮೇಲೆ ಬಂದ ಚಳಿ ಮಾತ್ರ ಮನೆಯವನ ಹಾಗೆ ನೇರ ಒಳಗೆ ಬಂತು. ಬಟ್ಟಲಿನಲ್ಲಿ ಉಳಿದಿದ್ದ ಉಪ್ಪುಚಹಾದ ಅಂಚು ಹೆಪ್ಪುಗಟ್ಟಿತು. ಸೆವ್ಜಿದಳ ಕೆಮ್ಮು ಹೆಚ್ಚಿತು. ಅವನು ಒಲೆಗೆ ತಲೆ ತಾಗಿಸಿ, "ತಪ್ಪಾಯ್ತಪ್ಪ," ಎಂದು ಗರಗಸ ಇಟ್ಟ.

ಹೊತ್ತು ಮುಳುಗುವಷ್ಟರಲ್ಲಿ ಎರಡು ಗೇಣಿನ ಬಾಗಿಲಾಯಿತು. ಪುಳ್ಳೆ ಹಿಡಿದ ಕೂಡಲೇ ಎಲುಬನ್ನು ಎತ್ತಿಕೊಂಡ. ಹೆಂಡತಿಯ ಕೈಗೆ ಅದನ್ನು ಎತ್ತುವ ತ್ರಾಣ ಇರಲಿಲ್ಲ. ಅವಳ ಬೆರಳುಗಳನ್ನು ದಾರಕ್ಕೆ ಮುಟ್ಟಿಸಿದ.

"ಎಸೀಬೇಡ. ಮಗೂನ ಮಲಗಿಸ್ದಂಗೆ ಇಡು," ಎಂದಳು.

ಇಟ್ಟ. ಕೊಬ್ಬು ಹತ್ತಿಕೊಂಡು ಭುಗ್ಗೆಂದಿತು. ಮೂರು ಚಳಿಗಾಲದ ಮೇಲೆ ಆ ಗೆರ್‌ನ ಗೋಡೆಗಳ ಮೇಲೆ ಬೆಂಕಿಯ ಬೆಳಕು ಕುಣಿಯಿತು, ಸೆವ್ಜಿದಳ ಮುಖದ ಮೇಲೂ. ಅವಳು ಬಹಳ ಹೊತ್ತು ನೋಡಿದಳು.

"ಸಾಕು, ಮುಚ್ಚು ಮುದುಕಾ. ಶಾಖ ಹೋಗ್ತಿದೆ."

"ಹೋಗ್ಲಿ," ಎಂದ ಗೊಂಬೊಸುರೆನ್.

ನಾಲ್ಕನೆಯ ದಿನ ಅವಳು ತೀರಿಕೊಂಡಳು. ಹೊಸ ವರ್ಷದ ಬಿಳಿ ತಿಂಗಳ ಹಬ್ಬಕ್ಕೆಂದು ದುಲ್ಮಾ ಕರಿದಿಟ್ಟಿದ್ದ ರೊಟ್ಟಿ ಹೆಣ ಕಾಯುವವರಿಗಾಯಿತು.

ಶರತ್ಕಾಲದಲ್ಲಿ ಅವನು ಮತ್ತೆ ಸಂತೆಗೆ ಬಂದಾಗ ಅವನ ಎಲ್ಲ ಒಲೆಗಳಿಗೂ ಎರಡು ಗೇಣಿನ ಬಾಗಿಲು. ಒಬ್ಬ ಗಿರಾಕಿ ತೆರೆದು, ಮುಚ್ಚಿ, ತಲೆಯಾಡಿಸಿದ.

"ಶಾಖ ಸೋರಲ್ವಾ ಅಣ್ಣ?"

"ಸೋರುತ್ತೆ. ಮೂರು ಡಿಗ್ರಿ."

"ಮತ್ತ್ಯಾಕೆ ಇಷ್ಟು ದೊಡ್ಡದು?"

"ಎದೆಯೆಲುಬಿನ ಅಳತೆ."

ಗಿರಾಕಿ ಎದುರು ಸಾಲಿಗೆ ನಡೆದ. ಪಕ್ಕದಲ್ಲಿ ಉಣ್ಣೆಹಾಸು ಹರವಿಕೊಂಡಿದ್ದ ದುಲ್ಮಾ ತಲೆ ಚಚ್ಚಿಕೊಂಡಳು. "ಇಡೀ ದಿನಕ್ಕೆ ಇವನು ಐದನೆಯವನು. ಒಂದು ಸುಳ್ಳು ಹೇಳೋದು ಕಲಿಯೋ ಪುಣ್ಯಾತ್ಮ!"

ಅವನು ಒಲೆಯ ಬಾಗಿಲನ್ನು ತೆರೆದು ಮುಚ್ಚುತ್ತ ಕೂತಿದ್ದ. ಆಮೇಲೆ ತಲೆ ಎತ್ತದೆ ಕೇಳಿದ.

"ದುಲ್ಮಾ, ಆ ಅರ್ಧ ದಿನ ಒಲೆ ಆರಿಸ್ದೆ ಇದ್ದಿದ್ರೆ ಅವಳು ಇನ್ನೊಂದಿಷ್ಟು ದಿನ ಇರ್ತಿದ್ಲಾ?"

ಆ ಅರ್ಧ ದಿನ ಸೆವ್ಜಿದಳ ಬೆನ್ನಿಗೆ ಬೆನ್ನು ಕೊಟ್ಟು, ಅವಳ ಒಂದೊಂದು ನಡುಕವನ್ನೂ ತನ್ನ ಬೆನ್ನಲ್ಲೇ ಅನುಭವಿಸಿದವಳು ದುಲ್ಮಾ. ಅವಳು ಉಣ್ಣೆಹಾಸಿನ ಮೇಲಿಂದ ಕೂದಲೊಂದನ್ನು ಹೆಕ್ಕಿ ತೆಗೆದಳು.

"ಇಲ್ಲ," ಎಂದಳು, ಕಣ್ಣು ಮಿಟುಕಿಸದೆ. "ಒಂದು ದಿನಾನೂ ಹೆಚ್ಚಿಗೆ ಇರ್ತಿರ್ಲಿಲ್ಲ."

ಗೊಂಬೊಸುರೆನ್ ತಲೆಯಾಡಿಸಿದ. ದುಲ್ಮಾಳ ಸರಕನ್ನು ಇಪ್ಪತ್ತು ವರ್ಷದಿಂದ ನೋಡುತ್ತ ಬಂದವನು ಅವನು. ಇದೊಂದನ್ನು ಮಾತ್ರ ತಿರುವಿ ನೋಡದೆ ತೆಗೆದುಕೊಂಡ.