ನಂಜನಗೂಡಿನ ಸೋಮವಾರಗಳು

ನಾನು ಕುಡಿದು ನರಸೀಪುರದ ಬಸ್ ಸ್ಟ್ಯಾಂಡಿನ ಪಕ್ಕದ ಮೋರಿಯಲ್ಲಿ ಬಿದ್ದಿದ್ದನ್ನು ಊರಿಗೆ ಊರೇ ನೋಡಿದೆ. ಆಗೆಲ್ಲ ನನಗೆ ನಾಚಿಕೆ ಆಗಲಿಲ್ಲ. ಮೂರೂ ಬಿಟ್ಟವನು ಊರಿಗೆ ದೊಡ್ಡವನು ಅಂತ ಗಾದೆಯೇ ಇದೆಯಲ್ಲ. ಆದರೆ ಕುಡಿತ ಬಿಡಲು ಒಂದು ಕಡೆ ಹೋಗುತ್ತಿದ್ದೇನೆ ಅನ್ನುವುದು ಜನಕ್ಕೆ ತಿಳಿದರೆ ಮಾನ ಹೋದೀತು ಅಂತ ಹೆದರಿದೆ. ಕುಡುಕನ ಬುದ್ಧಿಯೇ ಅಷ್ಟು.

ಅದು ತೊಂಬತ್ತರ ದಶಕದ ಕೊನೆ. ನನ್ನದೊಂದು ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ. ನನಗೆ ಕೈ ನಡುಗಿ ಬೆಸುಗೆ ಹಾಕಲು ಆಗುತ್ತಿರಲಿಲ್ಲ, ಗಿರಾಕಿಗಳು ಸೆಟ್ಟುಗಳನ್ನು ವಾಪಸ್ ಒಯ್ದಿದ್ದರು. ಕಾಮಾಲೆಯಾಗಿ ಮೈಸೂರಿನ ಆಸ್ಪತ್ರೆ ಸೇರಿದಾಗ ಡಾಕ್ಟರು ಒಂದು ಚೀಟಿ ಕೊಟ್ಟರು. ನಂಜನಗೂಡಿನ ಒಂದು ಶಾಲೆಯ ಕೋಣೆ, ಸೋಮವಾರ ಸಂಜೆ. ಕುಡಿತ ಬಿಟ್ಟವರು, ಬಿಡಬೇಕು ಅಂದುಕೊಂಡವರು ಅಲ್ಲಿ ಸೇರುತ್ತಾರಂತೆ.

"ಔಸ್ದಿ ಕೊಡ್ತಾರಾ ಸಾ?" ಅಂದೆ.

"ಇಲ್ಲ, ಮಾತಾಡ್ತಾರೆ" ಅಂದರು.

ಮಾತಿಗೆ ಬಿಡುವ ಹಾಗಿದ್ದರೆ ನನ್ನ ಹೆಂಡತಿಯ ಬಾಯಿಗೆ ಹೆದರಿ ಯಾವತ್ತೋ ಬಿಟ್ಟಿರಬೇಕಿತ್ತು ಅಂದುಕೊಂಡೆ. ಆದರೂ ಹೋದೆ. ಮಕ್ಕಳು ಕೂರುವ ಗಿಡ್ಡ ಬೆಂಚುಗಳ ಮೇಲೆ ಏಳೆಂಟು ಗಂಡಸರು ಮಂಡಿ ಮಡಚಿ ಕೂತಿದ್ದರು. ಯಾರೂ ಬುದ್ಧಿ ಹೇಳಲಿಲ್ಲ, ಯಾರೂ ಆಣೆ ಮಾಡಿಸಲಿಲ್ಲ. ಇವತ್ತೊಂದು ದಿನ ಕುಡಿಯುವುದು ಬೇಡ ಅಂದರು, ಅಷ್ಟೇ. ಹೆಮ್ಮರಗಾಲದ ಕಡೆಯ ರೈತನೊಬ್ಬ ಎದ್ದು, ಮಗಳ ನಾಮಕರಣದ ದಿನ ಕುಡಿದು ತೊಟ್ಟಿಲ ಕೆಳಗೇ ಮಲಗಿಬಿಟ್ಟಿದ್ದನ್ನು ಹೇಳಿದ. ಎಲ್ಲರೂ ನಕ್ಕರು. ಅವನೂ ನಕ್ಕ, ಆಮೇಲೆ ಅತ್ತ. ನನಗೂ ಅಳು ಬಂತು. ಮುಂದಿನ ವಾರವೂ ಹೋದೆ, ಅದರ ಮುಂದಿನ ವಾರವೂ ಹೋದೆ.

ನಿಜ ನನ್ನ ಹೆಂಡತಿಗೊಬ್ಬಳಿಗೇ ಗೊತ್ತಿತ್ತು. ಎಲ್ಲಿಗೆ ಸವಾರಿ ಅಂದ ಉಳಿದವರಿಗೆಲ್ಲ, "ನಂಜುಂಡೇಶ್ವರನ ದರ್ಶನಕ್ಕೆ" ಅನ್ನುತ್ತಿದ್ದೆ. ಸೋಮವಾರ ಶಿವನ ವಾರ, ಯಾರಿಗೂ ಅನುಮಾನ ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ನಮ್ಮ ಬೀದಿಯ ಹೆಂಗಸು ಸ್ವಾಮಿಗೆ ಅಂತ ಒಂದು ಮೊಳ ಮಲ್ಲಿಗೆ ಕೊಡುತ್ತಿದ್ದಳು. ಬಸ್ಸು ತಡವಾಗಿ ದೇವಸ್ಥಾನಕ್ಕೆ ಹೋಗಲು ಹೊತ್ತಿಲ್ಲದ ದಿನ ಆ ಹೂ ಸಭೆಯ ಮೇಜಿನ ಮೇಲೆ ಇರುತ್ತಿತ್ತು.

ನಾನು ಕುಡಿಯದೆ ಆರು ತಿಂಗಳಾದ ಮೇಲೆ ಅವಳು ಕೇಳಿದಳು, "ಅಣ್ಣ, ಅದೆಂಗೆ ಬುಟ್ರಿ?"

ನಾನು ಮೇಲೆ ನೋಡಿ ಕೈ ಮುಗಿದೆ. "ಎಲ್ಲಾ ಸ್ವಾಮಿ ದಯ ಕಣವ್ವ."

ಅವಳ ಗಂಡ ಗೂಡ್ಸ್ ಆಟೋ ಓಡಿಸುತ್ತಿದ್ದ, ನನಗಿಂತ ಹೆಚ್ಚು ಕುಡಿಯುತ್ತಿದ್ದ. ಮುಂದಿನ ಸೋಮವಾರ ಅವಳು ಅವನನ್ನು ಎಳೆದುಕೊಂಡು ಅದೇ ಬಸ್ಸು ಹತ್ತಿದಳು. ದೇವಸ್ಥಾನದ ಬಾಗಿಲವರೆಗೂ ಅವರ ಜೊತೆ ಹೋಗಿ, ಸ್ನೇಹಿತರೊಬ್ಬರನ್ನು ನೋಡಬೇಕು ಅಂತ ನಾನು ಜಾರಿಕೊಂಡೆ. ಹೀಗೇ ಎಂಟು ಸೋಮವಾರ ಆಯಿತು. ಅವಳು ಉಪವಾಸ ಮಾಡಿದಳು, ಅವನು ಮಂಗಳವಾರ ಮತ್ತೆ ಕುಡಿದ. ಪ್ರತಿ ವಾರ ಹೇಳಬೇಕು ಅಂದುಕೊಳ್ಳುತ್ತಿದ್ದೆ, ಬಾಯಿ ಬರಲಿಲ್ಲ. ಕೊನೆಗೆ ಅವನು ಸೋಸಲೆ ರಸ್ತೆಯಲ್ಲಿ ಆಟೋ ಮಗುಚಿ ಕೈ ಮುರಿದುಕೊಂಡ.

ಸುದ್ದಿ ಕೇಳಿದ ನನ್ನ ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದಳು. "ದೇವ್ರ ಎಸ್ರಲ್ಲಿ ಸುಳ್ಳ್ ಯೋಳಿ ಆ ಎಂಗ್ಸುನ್ ಕೈಲಿ ಉಪ್ವಾಸ ಮಾಡಿಸ್ದ್ರಲ್ಲ, ಅವ್ನು ಸತ್ತೋಗಿದ್ರೆ ಏನ್ ಮಾಡ್ತಿದ್ರಿ?"

ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಹೂ ಮಾರುವವಳು ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದಳು. ಸಭೆಯ ವಿಷಯ, ಚೀಟಿಯ ವಿಷಯ, ದೇವಸ್ಥಾನದಿಂದ ಜಾರಿಕೊಂಡು ನಾನು ಹೋಗುತ್ತಿದ್ದ ಶಾಲೆಯ ವಿಷಯ, ಎಲ್ಲ ಹೇಳಿದೆ. ಅವಳ ಕೈ ನಿಂತಿತು.

"ಎಂಟ್ ಸೋಮಾರ ಒಪ್ಪತ್ತು ಇದ್ದೆ ಕಣಣ್ಣ. ಪಕ್ಕದಲ್ಲೇ ಕೂತ್ಕೊಂಡು ಬತ್ತಿದ್ರಿ. ಒಂದ್ ಮಾತ್ ಯೋಳ್ಬಾರ್ದಾಗಿತ್ತಾ?"

ಮೋರಿಯಲ್ಲಿ ಬಿದ್ದಾಗ ಆಗದಿದ್ದ ನಾಚಿಕೆ ಅವತ್ತು ಆಯಿತು. ತಪ್ಪಾಯಿತು ತಾಯಿ ಅಂದೆ. ಒಳಗೆ ಮಲಗಿದ್ದ ಗಂಡ ಎಲ್ಲ ಕೇಳಿಸಿಕೊಂಡಿದ್ದ.

"ಅಲ್ಲಿ ಬೈತಾರಾ?" ಅಂದ.

"ಇಲ್ಲ ಕಣಪ್ಪ."

"ಅಂಗಾರೆ ಬತ್ತೀನಿ."

ಬ್ಯಾಂಡೇಜು ಕಟ್ಟಿದ ಕೈಯಲ್ಲೇ ಬಂದ. ಮೂರು ಸೋಮವಾರ ನನ್ನ ಪಕ್ಕದಲ್ಲಿ ಕೂತು ತುಟಿ ಬಿಚ್ಚಲಿಲ್ಲ. ನಾಲ್ಕನೆಯ ಸೋಮವಾರ ನನಗೆ ಜೋರು ಜ್ವರ, ಏಳಲು ಆಗಲಿಲ್ಲ. ನಾನಿಲ್ಲದೆ ಅವನು ನಂಜನಗೂಡಿನಲ್ಲಿ ಬಸ್ಸಿಳಿದರೆ ಮೊದಲು ಸಿಗುವುದು ಬ್ರಾಂದಿ ಅಂಗಡಿ, ಶಾಲೆ ಆಮೇಲೆ. ಅದೇ ಯೋಚನೆಯಲ್ಲಿ ಆ ದಿನವೆಲ್ಲ ಒದ್ದಾಡಿದೆ. ಅವನ ಹೆಂಡತಿಗೆ ಇನ್ನೊಂದು ಸಲ ಮುಖ ತೋರಿಸುವುದು ಹೇಗೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಅವನೇ ಮನೆಗೆ ಬಂದ. ಕುಡಿದವರು ಎದುರು ನಿಂತು ಮಾತಾಡುವುದಿಲ್ಲ. ವಾಸನೆ ಹೊಡೆದೀತು ಅಂತ ಮುಖ ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಾರೆ, ಬಾಯಿಗೆ ಟವೆಲ್ ಅಡ್ಡ ಹಿಡಿಯುತ್ತಾರೆ. ನಾನೇ ಹನ್ನೆರಡು ವರ್ಷ ಹಾಗೆ ಮಾಡಿದವನು. ಅವನು ಮಂಚದ ಅಂಚಿನಲ್ಲಿ ಕೂತು, ನನ್ನ ಮುಖದ ಹತ್ತಿರಕ್ಕೇ ಬಗ್ಗಿದ.

"ಒಬ್ನೇ ಓಗ್ಬಂದೆ ಕಣಣ್ಣ" ಅಂದ. "ನೆನ್ನೆ ಎದ್ದು ನಿಂತ್ಕೊಂಡು ಮಾತೂ ಆಡ್ದೆ."

ಅವನ ಬಾಯಿಂದ ಬರೀ ಕಾಫಿಯ ವಾಸನೆ ಬಂತು.